ಎಡ್ಮಂಟನ್‌ಗೆ ಅವರೆ ಬೀಜ ತರುವ ಮುನ್ನ

ಹಾಸನದಿಂದ ಎಡ್ಮಂಟನ್‌ಗೆ ಹೊರಟಿರುವ ನೀವು ಕೇಳಿದ್ದು ಹೀಗೆ: "ಅಕ್ಕ, ಕೆನಡಾದಲ್ಲೂ ಈಗ ಚಳಿ ಕಡಿಮೆ ಆಗ್ತಿದೆಯಂತೆ. ನಾವು ಹಿಡಿದಿರುವ ಬಾಡಿಗೆ ಮನೆಗೆ ಹಿತ್ತಲಿದೆ. ಅವರೆ, ಬದನೆ, ಸಬ್ಬಸಿಗೆ ಬೀಜ ಕಟ್ಟಿಟ್ಟಿದ್ದೇನೆ. ಬೆಳೆಯುತ್ತಾ?" ಸಬ್ಬಸಿಗೆ ಸೊಗಸಾಗಿ ಬೆಳೆಯುತ್ತದೆ. ಬದನೆಗೆ ಸ್ವಲ್ಪ ಕಷ್ಟಪಡಬೇಕು. ಅವರೆಯ ವಿಷಯ ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

ಚಳಿ ಕಡಿಮೆ ಆಗ್ತಿದೆ ಅನ್ನೋ ಮಾತು ಸುಳ್ಳಲ್ಲ. 1948ರಿಂದ 2016ರ ನಡುವೆ ಕೆನಡಾದ ಸರಾಸರಿ ತಾಪಮಾನ 1.7 ಡಿಗ್ರಿ ಏರಿದೆ ಎಂದು ಇಲ್ಲಿನ ಸರ್ಕಾರದ 2019ರ ವರದಿ ಹೇಳುತ್ತದೆ. ಜಗತ್ತಿನ ಸರಾಸರಿಗಿಂತ ಸುಮಾರು ಎರಡು ಪಟ್ಟು ವೇಗ ಇದು. ಬೆಳೆಯ ಕಾಲವೂ ಹಿಂದಿಗಿಂತ ಉದ್ದವಾಗಿದೆ. ಆದರೆ ಸರಾಸರಿ ಎಷ್ಟೇ ಏರಲಿ, ಟೊಮೆಟೊ ಗಿಡ ಸಾಯಲು ಒಂದು ರಾತ್ರಿ ಸಾಕು. ಇಲ್ಲಿಗೆ ಹೊಸದಾಗಿ ಬರುವವರಿಗೆ ನಾನು ಒತ್ತಿ ಹೇಳುವುದು ಇದನ್ನೇ. ಕಾಲ ಉದ್ದವಾಗಿದೆ, ಆದರೆ ನಂಬಿಕೆಗೆ ಅರ್ಹವಾಗಿಲ್ಲ.

ಆ ರಾತ್ರಿಯನ್ನು ಇಲ್ಲಿ ಫ್ರಾಸ್ಟ್ ಅನ್ನುತ್ತಾರೆ. ಎಲೆಯೊಳಗಿನ ನೀರು ಹೆಪ್ಪುಗಟ್ಟಿ, ಬೆಳಗ್ಗೆ ಗಿಡ ಕಪ್ಪಾಗಿ ಜೋತುಬಿದ್ದಿರುತ್ತದೆ. ಎಡ್ಮಂಟನ್‌ನಲ್ಲಿ ವಸಂತದ ಕೊನೆಯ ಫ್ರಾಸ್ಟ್ ಸಾಮಾನ್ಯವಾಗಿ ಮೇ ತಿಂಗಳಲ್ಲಿ, ಶರತ್ಕಾಲದ ಮೊದಲನೆಯದು ಸೆಪ್ಟೆಂಬರ್‌ನಲ್ಲಿ. ನಡುವೆ ಸಿಗುವುದು ನಾಲ್ಕು ತಿಂಗಳ ಆಸುಪಾಸು. ಅದಕ್ಕೇ ಇಲ್ಲಿಯ ಹಳಬರು "ಮೇ ಲಾಂಗ್" ಮುಗಿಯುವವರೆಗೆ ಸಸಿಯನ್ನು ಹೊರಗೆ ನೆಡುವುದಿಲ್ಲ. ವಿಕ್ಟೋರಿಯಾ ಡೇ, ಅಂದರೆ ಮೇ 25ಕ್ಕೆ ಮುಂಚೆ ಬರುವ ಸೋಮವಾರ ಸೇರಿದ ಮೂರು ದಿನದ ರಜೆ ಅದು. ಏಪ್ರಿಲ್‌ನಲ್ಲೇ ಬಿಸಿಲು ಬಂದು 20 ಡಿಗ್ರಿ ಮುಟ್ಟುವ ವರ್ಷಗಳೂ ಇವೆ. ಅಂಗಡಿಗಳ ಮುಂದೆ ಸಸಿಗಳು ಸಾಲಾಗಿ ಕೂತಿರುತ್ತವೆ, ಮನಸ್ಸು ಜಗ್ಗುತ್ತದೆ. ದಯವಿಟ್ಟು ತಡೆದುಕೊಳ್ಳಿ.

ಚಳಿಯ ಈ ಏರುಪೇರು ಯಾಕೆ ಇಷ್ಟು ಕೆಡಕು ಅನ್ನುವುದನ್ನು, ಎಡ್ಮಂಟನ್ ಇರುವ ಆಲ್ಬರ್ಟಾದ ಪಕ್ಕದ ಪ್ರಾಂತ್ಯ ಬ್ರಿಟಿಷ್ ಕೊಲಂಬಿಯಾ ಕಣ್ಣಿಗೆ ಕಟ್ಟುವಂತೆ ತೋರಿಸಿತು. ಅಲ್ಲಿನ ಒಕನಾಗನ್ ಕಣಿವೆ ಪೀಚ್, ಚೆರ್ರಿ, ದ್ರಾಕ್ಷಿಗೆ ಹೆಸರುವಾಸಿ. 2023ರ ಕೊನೆಯಲ್ಲಿ ಎಲ್ ನಿನೋ, ಅಂದರೆ ಪೆಸಿಫಿಕ್ ಸಾಗರದ ನೀರು ಬಿಸಿಯಾಗಿ ಹವೆ ಬದಲಾಗುವ ಸ್ಥಿತಿ, ಇತ್ತು, ಡಿಸೆಂಬರ್ ಬೆಚ್ಚಗಿತ್ತು. ಮರಗಳು ಚಳಿಗೆ ಹದವಾಗುವುದು ನಿಧಾನವಾಗಿ, ತಂಪು ಏರುತ್ತಾ ಹೋದಂತೆ. ಆ ವರ್ಷ ಅವು ಪೂರ್ತಿ ಹದವಾಗಿರಲಿಲ್ಲ. 2024ರ ಜನವರಿ ಮಧ್ಯದಲ್ಲಿ ದಿಢೀರನೆ ಕಡು ಚಳಿ ಇಳಿಯಿತು. ಮೊಗ್ಗುಗಳು ಒಳಗೇ ಸತ್ತವು. ಆ ಬೇಸಿಗೆ ಪೀಚ್, ಏಪ್ರಿಕಾಟ್ ಬೆಳೆ ಹೆಚ್ಚುಕಡಿಮೆ ಇರಲೇ ಇಲ್ಲ, ದ್ರಾಕ್ಷಿಯೂ ಬಹುಪಾಲು ಹೋಯಿತು. ಬೆಚ್ಚಗಿನ ಚಳಿಗಾಲವೇ ಆ ಮರಗಳನ್ನು ಅಪಾಯಕ್ಕೆ ಒಡ್ಡಿತ್ತು. ಹಿಮದ ವಿಷಯವೂ ಹಾಗೇ. ನೆಲದ ಮೇಲೆ ಬಿದ್ದ ಹಿಮ ಬೇರುಗಳಿಗೆ ಕಂಬಳಿ. ನಡುಚಳಿಗಾಲದಲ್ಲಿ ಅದು ಕರಗಿ, ಹಿಂದೆಯೇ ಮೈನಸ್ 30 ಬಂದರೆ, ಅಕ್ಟೋಬರ್‌ನಲ್ಲಿ ಹುಗಿದ ಬೆಳ್ಳುಳ್ಳಿಗೂ ಕಷ್ಟ.

ನಮ್ಮ ಆಲ್ಬರ್ಟಾದ ರೈತರದ್ದು ಇನ್ನೂ ದೊಡ್ಡ ಪಾಡು. 2018ರ ಸೆಪ್ಟೆಂಬರ್‌ನಲ್ಲಿ ಕೊಯ್ಲಿಗೆ ನಿಂತ ಪೈರಿನ ಮೇಲೆ ಹಿಮ ಬಿದ್ದು ಕೆಲಸ ವಾರಗಟ್ಟಲೆ ನಿಂತುಹೋಯಿತು. 2021ರಲ್ಲಿ ಅದಕ್ಕೆ ತದ್ವಿರುದ್ಧ. ಜೂನ್ ಕೊನೆಗೆ ಬಿಸಿಗಾಳಿ, ಬೇಸಿಗೆ ಇಡೀ ಬರ. ಆ ವರ್ಷ ದೇಶದ ಗೋಧಿ ಇಳುವರಿ ಹಿಂದಿನ ವರ್ಷಕ್ಕಿಂತ ಮೂರನೇ ಒಂದು ಪಾಲಿಗೂ ಜಾಸ್ತಿ ಕುಸಿಯಿತು. ಹಾಸನದ ಕಡೆಯವರಿಗೆ ಮಳೆ ಕೈಕೊಡುವುದು ಏನೆಂದು ನಾನು ಹೇಳಬೇಕಾಗಿಲ್ಲ. ಇಲ್ಲಿ ಮಳೆಯ ಜೊತೆ ಚಳಿಯನ್ನೂ ಕಾಯಬೇಕು, ಅಷ್ಟೇ ವ್ಯತ್ಯಾಸ.

ಇಲ್ಲಿ ಒಂದು ವಿಷಯ ಹೇಳಲೇಬೇಕು, ನನಗೆ ತುಂಬಾ ಇಷ್ಟವಾದದ್ದು. ಈ ಸೀಮೆಯಲ್ಲಿ ಮೊದಲು ಬೆಳೆಯುತ್ತಿದ್ದ ಗೋಧಿ ರೆಡ್ ಫೈಫ್. ಹಿಟ್ಟು ಒಳ್ಳೆಯದು, ಆದರೆ ಮಾಗುವುದು ತಡ. ಎಷ್ಟೋ ಸಲ ಫ್ರಾಸ್ಟ್‌ಗೆ ಸಿಕ್ಕಿಬಿಡುತ್ತಿತ್ತು. ಬೇಗ ಮಾಗುವ ಹಾರ್ಡ್ ರೆಡ್ ಕಲ್ಕತ್ತಾ ಎಂಬ ಭಾರತದ ಗೋಧಿಯೊಂದಿಗೆ ಅದನ್ನು ಕೂಡಿಸಿದರು. ಆ ಸಂತತಿಯಿಂದ ಚಾರ್ಲ್ಸ್ ಸಾಂಡರ್ಸ್ ಎಂಬ ವಿಜ್ಞಾನಿ 20ನೇ ಶತಮಾನದ ಮೊದಲ ವರ್ಷಗಳಲ್ಲಿ ಆರಿಸಿ ತೆಗೆದದ್ದು ಮಾರ್ಕ್ವಿಸ್ ತಳಿ. ರೆಡ್ ಫೈಫ್‌ಗಿಂತ ಸುಮಾರು ಒಂದು ವಾರ ಮುಂಚೆ ಕೊಯ್ಲಿಗೆ ಬರುತ್ತಿತ್ತು. ಆ ಒಂದು ವಾರ ಈ ಬಯಲಿನ ರೈತರ ಬದುಕನ್ನೇ ಬದಲಿಸಿತು.

ಈಗ ಅವರೆ. ನಮ್ಮೂರಿನ ಸೊಗಡಿನ ಅವರೆ ಹೂ ಬಿಡುವುದು ಹಗಲು ಚಿಕ್ಕದಾದ ಮೇಲೆ. ಅದಕ್ಕೇ ಅಲ್ವಾ ಅದು ಸಂಕ್ರಾಂತಿಯ ಹೊತ್ತಿಗೆ ಸಿಗೋದು. ಎಡ್ಮಂಟನ್ ಇರುವುದು ಸುಮಾರು 53.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಜೂನ್ ಕೊನೆಯಲ್ಲಿ ಹಾಸನದ ಹಗಲು ಸುಮಾರು 13 ಗಂಟೆ, ಇಲ್ಲಿಯದು 17. ಹಗಲು 12 ಗಂಟೆಗೆ ಇಳಿಯುವುದು ಸೆಪ್ಟೆಂಬರ್ ಕೊನೆಗೆ. ಅಷ್ಟರಲ್ಲಿ ಫ್ರಾಸ್ಟ್ ಬಂದಿರುತ್ತದೆ. ಬಳ್ಳಿ ಹಸಿರಾಗಿ ಹಬ್ಬುತ್ತದೆ, ಕಾಯಿ ಮಾತ್ರ ಕಟ್ಟುವುದಿಲ್ಲ. ಭೂಮಿ ಎಷ್ಟು ಬಿಸಿಯಾದರೂ ಈ ಲೆಕ್ಕ ಬದಲಾಗದು, ಯಾಕೆಂದರೆ ಹಗಲಿನ ಉದ್ದ ನಿಂತಿರುವುದು ಅಕ್ಷಾಂಶದ ಮೇಲೆ. ಅವರೆ ಬೇಕೇ ಬೇಕು ಅಂದರೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ 3 ಅಥವಾ 4 ಹುಡುಕಿ. ಅವು ಹಗಲಿನ ಉದ್ದಕ್ಕೆ ಕಾಯುವುದಿಲ್ಲ. ದೊಡ್ಡ ಕುಂಡದಲ್ಲಿ ಹಾಕಿ, ಮನೆಯ ದಕ್ಷಿಣದ ಗೋಡೆಗೆ ಒತ್ತಿ ಇಡಿ.

ಬದನೆ, ಮೆಣಸಿನಕಾಯಿ, ಟೊಮೆಟೊ ಬೀಜವನ್ನು ಮಾರ್ಚ್‌ನಲ್ಲೇ ಕಿಟಕಿ ಹತ್ತಿರ ಮೊಳಕೆಗೆ ಹಾಕಬೇಕು. ಸಬ್ಬಸಿಗೆ, ಮೆಂತ್ಯ, ಬಟಾಣಿ, ಆಲೂಗಡ್ಡೆಗೆ ಈ ಉದ್ದ ಹಗಲು, ಕಪ್ಪು ಮಣ್ಣು ಹೇಳಿ ಮಾಡಿಸಿದ್ದು. ಇಲ್ಲಿ ನೆಲೆಸಿರುವ ಉಕ್ರೇನ್ ಮೂಲದವರೂ ಸಬ್ಬಸಿಗೆ ಪ್ರಿಯರು. ಹಾಗಾಗಿ ಆ ಬೀಜ ಎಲ್ಲ ಅಂಗಡಿಗಳಲ್ಲೂ ಸಿಗುತ್ತದೆ, ಊರಿಂದ ಹೊತ್ತು ತರಬೇಕಿಲ್ಲ. ಪಾಲಕ್ ಮತ್ತು ಕೊತ್ತಂಬರಿ ಜೂನ್‌ನಲ್ಲಿ ಬೇಗ ಹೂವಿಗೆ ಹೋಗುತ್ತವೆ, ಮೊದಲೇ ಕೊಯ್ದುಕೊಳ್ಳಿ. ಹಳೆಯ ಹತ್ತಿ ಬೆಡ್‌ಶೀಟ್ ನಾಲ್ಕಾರು ಇಟ್ಟುಕೊಳ್ಳಿ. ಆಕಾಶ ತಿಳಿಯಾಗಿ ಗಾಳಿ ನಿಂತ ಸೆಪ್ಟೆಂಬರ್ ಸಂಜೆ ಗಿಡಗಳಿಗೆ ಹೊದಿಸಿದರೆ, ಎಷ್ಟೋ ಸಲ ಇನ್ನೆರಡು ವಾರ ಕಾಯಿ ಸಿಗುತ್ತದೆ. ತಗ್ಗಿನ ಜಾಗಕ್ಕೆ ಮೊದಲು ಹೊದಿಸಿ, ತಣ್ಣನೆ ಗಾಳಿ ಅಲ್ಲಿಗೇ ಇಳಿಯುವುದು.

ತರುವ ಬೀಜಗಳ ಬಗ್ಗೆ ಇನ್ನೊಂದು ಮಾತು. ಕೆಲವು ಬೆಳೆಗಳ ಬೀಜಕ್ಕೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕಾಗುತ್ತದೆ. ಹೊರಡುವ ಮುಂಚೆಯೇ ಕೆನಡಾದ ಆಹಾರ ತಪಾಸಣಾ ಸಂಸ್ಥೆಯ ನಿಯಮ ನೋಡಿಕೊಳ್ಳಿ. ಇಳಿದ ಮೇಲೆ ಕಸ್ಟಮ್ಸ್‌ನಲ್ಲಿ ಪೊಟ್ಟಣವನ್ನು ತಪ್ಪದೆ ಡಿಕ್ಲೇರ್ ಮಾಡಿ.