ಪೋಸ್ಟರ್‌ನಲ್ಲಿ ಏಳು ಗಂಟೆ, ವೇದಿಕೆಯ ಮೇಲೆ ಒಂಬತ್ತು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯವನ್ನು ಹಿಡಿದಿದ್ದವು. ಹುಬ್ಬಳ್ಳಿ-ಧಾರವಾಡದಲ್ಲಿ ಶನಿವಾರ ಸಂಜೆ ನಡೆಯುವ, ಮೊದಲರ್ಧ ಹಾಡುಗಾರರ ತಂಡ ಮತ್ತು ಉಳಿದರ್ಧ ಡಿಜೆ ಇರುವ ಸಂಗೀತ ಕಾರ್ಯಕ್ರಮಗಳಿಗೆ ಪ್ರಚಾರ ಮಾಡುವುದು ಹೇಗೆ, ಅವುಗಳ ವಿಮರ್ಶೆ ಬರೆಯುವುದು ಹೇಗೆ ಎಂಬುದೇ ಆ ವಿಷಯ. ಆದ್ದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಬಿಟ್ಟಿದ್ದೇನೆ.

ಪ್ರಶ್ನೆ: ನಾವು ಐವರು ಗೆಳೆಯರು ಸೇರಿ ಗೋಕುಲ ರಸ್ತೆಯ ಕಡೆ ಒಂದು ಹಾಲ್ ಬಾಡಿಗೆಗೆ ಹಿಡಿದು ಕಾರ್ಯಕ್ರಮ ಮಾಡಿದೆವು. ಮೊದಲು ತತ್ವಪದ ಮತ್ತು ಭಾವಗೀತೆ ಹಾಡುವ ತಂಡ, ನಂತರ ಡಿಜೆ. ಇಪ್ಪತ್ತು ದಿನ ಬಿಡದೆ ಇನ್‌ಸ್ಟಾಗ್ರಾಂನಲ್ಲಿ ಪೋಸ್ಟರ್, ರೀಲ್ಸ್ ಹಾಕಿದೆವು. ಲೈಕುಗಳು ಸಾವಿರ ದಾಟಿದವು, ಆದರೆ ಇನ್ನೂರು ಕುರ್ಚಿಗಳಲ್ಲಿ ತುಂಬಿದ್ದು ಅರವತ್ತು. ನಮ್ಮ ಪ್ರಚಾರ ಎಲ್ಲಿ ಕಡಿಮೆಯಾಯಿತು? — ಸಂಘಟಕರೊಬ್ಬರು, ಹುಬ್ಬಳ್ಳಿ

ಉತ್ತರ: ಪತ್ರದ ಜೊತೆಗೆ ನೀವು ಪೋಸ್ಟರನ್ನೂ ಕಳಿಸಿದ್ದು ಒಳ್ಳೆಯದಾಯಿತು. ಕಪ್ಪು ಹಿನ್ನೆಲೆ, ಹೆಡ್‌ಫೋನ್ ಹಾಕಿಕೊಂಡ ಒಂದು ತಲೆಬುರುಡೆ, ಪ್ರಾಯೋಜಕರ ನಾಲ್ಕು ಮುದ್ರೆಗಳು, ನಡುವೆ ಬೆಂಕಿಯಂಥ ಅಕ್ಷರಗಳಲ್ಲಿ ‘ಮರೆಯಲಾಗದ ರಾತ್ರಿ’ ಎಂಬ ಮಾತು. ಗಾಯಕಿಯ ಹೆಸರು ಹುಡುಕಲು ನಾನು ಕನ್ನಡಕ ಬದಲಿಸಬೇಕಾಯಿತು. ತತ್ವಪದ ಕೇಳುವವರು ಆ ತಲೆಬುರುಡೆಯನ್ನು ಕಂಡು ಇದು ತಮಗಲ್ಲವೆಂದುಕೊಂಡರು, ಡಿಜೆಗೆ ಬರಬೇಕಾದ ಹುಡುಗರು ಒಂಬತ್ತಕ್ಕೆ ಹೋದರಾಯಿತು ಎಂದುಕೊಂಡರು. ಪ್ರಚಾರ ಕಡಿಮೆಯಾಗಿಲ್ಲ. ಬರಬಹುದಾಗಿದ್ದ ಮನುಷ್ಯನಿಗೆ ಬೇಕಾದ ಸುದ್ದಿ ಅದರಲ್ಲಿ ಇರಲಿಲ್ಲ, ಅಷ್ಟೆ.

ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಠಿಕಾಣಿ ಹೂಡುವ ನಾಟಕ ಕಂಪನಿಗಳ ಪ್ರಚಾರದ ಗಾಡಿಯನ್ನು ನೀವು ಕೇಳಿರಬೇಕು. ಗಾಡಿಯ ಮೇಲಿನ ಮೈಕಿನಿಂದ ಬರುವ ಮಾತು ಎಷ್ಟೇ ಅಬ್ಬರದ್ದಾಗಿದ್ದರೂ ಅದರಲ್ಲಿ ನಾಟಕದ ಹೆಸರು, ಹಾಸ್ಯದ ಪಾತ್ರ ಯಾರದು ಎಂಬುದು, ಆಟ ಎಷ್ಟು ಗಂಟೆಗೆ, ಟಿಕೆಟ್ ದರವೆಷ್ಟು, ಇವಿಷ್ಟೂ ಒಂದು ಓಣಿ ದಾಟುವುದರೊಳಗೆ ಹೇಳಿ ಮುಗಿದಿರುತ್ತವೆ. ಗದುಗಿನ ಪಂಚಾಕ್ಷರಿ ಗವಾಯಿಗಳು ಅಂಧ ಮತ್ತು ಬಡ ಮಕ್ಕಳ ಸಂಗೀತ ಶಿಕ್ಷಣದ ಖರ್ಚು ತೂಗಿಸಲು ನಾಟಕ ಕಂಪನಿ ಕಟ್ಟಿ ಊರೂರು ತಿರುಗಿದವರು. ಟಿಕೆಟ್ ಮಾರಿ ಸಂಗೀತವನ್ನು ಉಳಿಸುವ ಕೆಲಸ ನಮ್ಮ ಭಾಗಕ್ಕೆ ಹೊಸದೇನಲ್ಲ.

ನಮ್ಮ ಅವಳಿ ನಗರದಲ್ಲಿ ಸಂಜೆಯ ಕಾರ್ಯಕ್ರಮಕ್ಕೆ ಹೊರಡುವ ಮುನ್ನ ಜನ ಮನೆಯಲ್ಲಿ ಕೇಳಿಕೊಳ್ಳುವುದು ಮೂರೇ ಮಾತು: ನಿಜವಾಗಿ ಎಷ್ಟಕ್ಕೆ ಶುರುವಾಗುತ್ತದೆ, ಮನೆಯವರನ್ನು ಕರೆದುಕೊಂಡು ಹೋಗಬಹುದೇ, ಮುಗಿದ ಮೇಲೆ ತಿರುಗಿ ಬರುವುದು ಹೇಗೆ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಸುಮಾರು ಇಪ್ಪತ್ತು ಕಿಲೋಮೀಟರ್. ಧಾರವಾಡದ ಕೇಳುಗರು ಬೇಕಾದರೆ, ಎರಡೂ ಊರುಗಳ ನಡುವೆ ಓಡುವ ಕೊನೆಯ ಚಿಗರಿ ಬಸ್ಸು ಹಾಲಿಗೆ ಹತ್ತಿರದ ನಿಲ್ದಾಣದಿಂದ ಎಷ್ಟಕ್ಕೆ ಹೊರಡುತ್ತದೆ ಎಂದು ವಿಚಾರಿಸಿ ಪೋಸ್ಟರ್‌ನಲ್ಲಿಯೇ ಮುದ್ರಿಸಿರಿ. ಪ್ರಾಯೋಜಕರ ಒಂದು ಮುದ್ರೆ ಸಣ್ಣದಾದರೆ ಆ ಸಾಲಿಗೆ ಜಾಗ ಸಿಗುತ್ತದೆ. ‘7ಕ್ಕೆ ಹಾಡು, 8.30ಕ್ಕೆ ಡಿಜೆ, 10ಕ್ಕೆ ಮುಕ್ತಾಯ’ ಎಂದು ಬಿಡಿಸಿ ಬರೆಯಿರಿ, ಬರೆದಂತೆ ನಡೆಸಿರಿ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಹೋದ ಮಳೆಗಾಲದಲ್ಲಿ ಇಂಥದೇ ಒಂದು ಕಾರ್ಯಕ್ರಮಕ್ಕೆ ನಾನು ಏಳಕ್ಕೆ ಐದು ನಿಮಿಷ ಇರುವಾಗಲೇ ಹೋಗಿ ಕುಳಿತಿದ್ದೆ. ಏಳೂವರೆಗೆ ಸೌಂಡಿನವರು ವೈರು ಎಳೆಯುತ್ತಿದ್ದರು. ಎಂಟಕ್ಕೆ ಒಬ್ಬರು ಬಂದು ‘ಹಲೋ, ಮೈಕ್ ಟೆಸ್ಟಿಂಗ್’ ಎಂದು ಹೇಳಿ ಹೋದರು. ನನ್ನ ಮುಂದಿನ ಸಾಲಿನಲ್ಲಿ ಧಾರವಾಡದಿಂದ ಬಂದ ಒಂದು ಕುಟುಂಬವಿತ್ತು, ಅಜ್ಜಿ, ಮಗಳು, ಎಂಟು-ಹತ್ತು ವರ್ಷದ ಇಬ್ಬರು ಮೊಮ್ಮಕ್ಕಳು. ತಂಬೂರಿಯ ಶ್ರುತಿ ಮೊದಲ ಸಲ ಕೇಳಿಸಿದಾಗ ಒಂಬತ್ತಕ್ಕೆ ಹತ್ತು ನಿಮಿಷವಿತ್ತು. ಎರಡನೆಯ ಹಾಡಿನ ನಡುವೆ ಅಜ್ಜಿ ಚೀಲ ಎತ್ತಿಕೊಂಡು, ನಿದ್ದೆಗಣ್ಣಿನ ಮೊಮ್ಮಗನನ್ನು ಎಬ್ಬಿಸಿ, ‘ನಡೀರಿ, ಬಸ್ಸು ತಪ್ಪತೈತಿ’ ಎಂದರು. ಆ ಮನೆಯಿಂದ ಮುಂದಿನ ಸಲ ನಾಲ್ಕು ಟಿಕೆಟ್ ಹೋಗುವುದಿಲ್ಲ. ಅದೂ ಅಲ್ಲದೆ, ಆ ಓಣಿಯಲ್ಲಿ ಅವರು ಹೇಳುವ ಮಾತನ್ನು ನಿಮ್ಮ ಯಾವ ರೀಲ್ಸೂ ಅಳಿಸಲಾರದು.

ಇನ್ನು, ಇಪ್ಪತ್ತು ದಿನ ಒಂದೇ ಪೋಸ್ಟರ್ ಹಾಕುವ ಬದಲು, ತಾಲೀಮಿನ ಕೋಣೆಯಲ್ಲಿ ಮೊಬೈಲಿನಿಂದಲೇ ಮುದ್ರಿಸಿದ ಅರ್ಧ ನಿಮಿಷದ ಹಾಡನ್ನು ಹಾಕಿರಿ. ಧ್ವನಿ ಹೇಗಿದೆ ಎಂದು ಕೇಳಿದವನು ಬರುತ್ತಾನೆ. ತಬಲಾ, ಹಾರ್ಮೋನಿಯಂ ಕಲಿಸುವ ಮನೆಗಳಿಗೆ, ಕಾಲೇಜುಗಳ ಸಂಗೀತ ವಿಭಾಗಗಳಿಗೆ ಖುದ್ದಾಗಿ ಹೋಗಿ ಕರೆಯಿರಿ. ವಾಟ್ಸ್ಆ್ಯಪ್‌ನಲ್ಲಿ ಎಲ್ಲರಿಗೂ ತಿಂಗಳ ಮೊದಲೇ ಕಳಿಸಿದ್ದು ಮರೆತುಹೋಗುತ್ತದೆ. ಗುರುವಾರ ಒಮ್ಮೆ, ಶನಿವಾರ ಬೆಳಿಗ್ಗೆ ಒಮ್ಮೆ ಕಳಿಸಿದರೆ ಸಾಕು. ಫ್ಲೆಕ್ಸ್ ಕಟ್ಟುವ ಯೋಚನೆ ಬೇಡ: 2016ರಲ್ಲಿ ರಾಜ್ಯ ಸರ್ಕಾರ ಹೊರಡಿಸಿದ ಪ್ಲಾಸ್ಟಿಕ್ ನಿಷೇಧದಲ್ಲಿ ಫ್ಲೆಕ್ಸ್ ಕೂಡ ಸೇರಿದೆ. ಎಲ್ಲರೂ ಕಟ್ಟುತ್ತಾರಲ್ಲ ಎಂದು ನೀವು ಕೇಳಬಹುದು. ಕಟ್ಟುತ್ತಾರೆ, ನಿಜ.

ಪ್ರಶ್ನೆ: ನಾನು ಧಾರವಾಡದಲ್ಲಿ ಪತ್ರಿಕೋದ್ಯಮ ಓದುತ್ತಿದ್ದೇನೆ. ಮುಂದಿನ ವಾರ ನಡೆಯುವ ಕಾರ್ಯಕ್ರಮದ ವಿಮರ್ಶೆ ಬರೆಯಲು ಸಂಘಟಕರು ನನಗೆ ಉಚಿತ ಪಾಸು ಕೊಟ್ಟಿದ್ದಾರೆ. ತಂಡದಲ್ಲಿ ಕೀಬೋರ್ಡ್ ನುಡಿಸುವವನು ನನ್ನ ಸ್ನೇಹಿತ. ‘ಸ್ವಲ್ಪ ಚೆನ್ನಾಗಿ ಬರಿ’ ಎಂದಿದ್ದಾನೆ. ಏನು ಮಾಡಲಿ? — ವಿದ್ಯಾರ್ಥಿನಿ, ಧಾರವಾಡ

ಉತ್ತರ: ಪಾಸು ತೆಗೆದುಕೊಂಡಿದ್ದು ತಪ್ಪಲ್ಲ, ಅದನ್ನು ಬರಹದಲ್ಲಿ ಹೇಳದಿದ್ದರೆ ತಪ್ಪು. ‘ಸಂಘಟಕರ ಆಹ್ವಾನದ ಮೇಲೆ ಹೋಗಿದ್ದೆ, ತಂಡದ ಒಬ್ಬರು ನನ್ನ ಪರಿಚಿತರು’ ಎಂದು ಒಂದು ಸಾಲು ಬರೆದುಬಿಡಿ, ಆಮೇಲೆ ನಿಮ್ಮ ಕೈ ಹಗುರವಾಗುತ್ತದೆ. ಸ್ನೇಹಿತನ ಬಗ್ಗೆ ಹೊಗಳಿಕೆ ಬಂದರೂ ತೆಗಳಿಕೆ ಬಂದರೂ ಓದುಗರು ಅದನ್ನು ತೂಗಿ ನೋಡಿಕೊಳ್ಳುತ್ತಾರೆ.

ವಿಮರ್ಶೆಗೆ ಹೋಗುವಾಗ ಆ ಕಾರ್ಯಕ್ರಮದ ಪೋಸ್ಟರನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿರಿ. ಅದರಲ್ಲಿ ಕೊಟ್ಟ ಮಾತುಗಳು ಯಾವುವು, ಅವುಗಳಲ್ಲಿ ನಡೆದವು ಯಾವುವು ಎಂಬುದೇ ನಿಮ್ಮ ಬರಹದ ಬೆನ್ನೆಲುಬು. ‘ಪ್ರೇಕ್ಷಕರನ್ನು ಮಂತ್ರಮುಗ್ಧಗೊಳಿಸಿದರು’, ‘ಸಂಗೀತದ ಹೊನಲು ಹರಿಸಿದರು’ ಎಂಬ ಸಾಲುಗಳನ್ನು ಕಾರ್ಯಕ್ರಮಕ್ಕೆ ಹೋಗದೆಯೂ ಬರೆಯಬಹುದು. ಹೋಗದೆ ಬರೆದವರನ್ನು ನಾನು ಕಂಡಿದ್ದೇನೆ. ಒಬ್ಬರಂತೂ ಆ ದಿನ ಜ್ವರವೆಂದು ಬಾರದೇ ಇದ್ದ ಕೊಳಲುವಾದಕರನ್ನು ಮನಸಾರೆ ಹೊಗಳಿದ್ದರು.

ಕುಳಿತ ಜಾಗದಿಂದಲೇ ಕೇಳಿ ಬರೆಯಬೇಡಿ. ಮೊದಲ ಹಾಡು ಮುಂದೆ ಕೇಳಿ, ಎರಡನೆಯದನ್ನು ಸದ್ದು ಹೊಂದಿಸುವ ಮಿಕ್ಸರ್ ಇಟ್ಟ ಮೇಜಿನ ಹತ್ತಿರ, ಮೂರನೆಯದನ್ನು ಹಿಂದಿನ ಗೋಡೆಗೆ ಆತುಕೊಂಡು ಕೇಳಿರಿ. ಮಿಕ್ಸರಿನ ಹುಡುಗನಿಗೆ ಕೇಳಿಸಿದ್ದೇ ಹಿಂದಿನ ಸಾಲಿನವರಿಗೂ ಕೇಳಿಸಿತೇ ಎಂದು ಗಮನಿಸಿರಿ. ಖಾಲಿ ಹಾಲಿನಲ್ಲಿ ಸರಿಹೊಂದಿಸಿದ ಸದ್ದು ಜನ ತುಂಬಿದ ಮೇಲೆ ಹಾಗೇ ಉಳಿಯುವುದಿಲ್ಲ, ಏಕೆಂದರೆ ಜನರ ಮೈ ಮತ್ತು ಬಟ್ಟೆ ತಾರಕದ ಧ್ವನಿಯನ್ನು ಹೀರಿಕೊಂಡು ಮಂದ್ರದ ಧ್ವನಿಯನ್ನು ಹಾಗೆಯೇ ಬಿಡುತ್ತವೆ. ಮಾತು ಗೊಗ್ಗರಾಗಿ ಕೇಳಿಸಿದರೆ ಗಾಯಕಿಯ ಕಂಠವನ್ನು ದೂರುವ ಮುನ್ನ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

ಇಂಥ ಮಿಶ್ರ ಕಾರ್ಯಕ್ರಮದಲ್ಲಿ ನಿಜವಾದ ಪರೀಕ್ಷೆ ಹಾಡು ನಿಂತು ಡಿಜೆ ಶುರುವಾಗುವ ಒಂದು ನಿಮಿಷದಲ್ಲಿದೆ. ನಾನು ಮೇಲೆ ಹೇಳಿದ ಆ ಸಂಜೆ ಗಾಯಕಿ ಕಪ್ಪು ಎರಡರ, ಅಂದರೆ ಹಾರ್ಮೋನಿಯಂನ ಎರಡನೆಯ ಕಪ್ಪು ಮನೆಯ, ಶ್ರುತಿಯಲ್ಲಿ ತತ್ವಪದವೊಂದನ್ನು ಮುಗಿಸಿ, ಕೊನೆಯ ಷಡ್ಜದ (‘ಸ’ ಸ್ವರದ) ಮೇಲೆ ನಿಂತಿದ್ದರು. ತಬಲಾದವರ ಕೈ ಇನ್ನೂ ಎತ್ತಿರಲಿಲ್ಲ. ಅಷ್ಟರಲ್ಲಿ ಡಿಜೆ ಅದರ ಮೇಲೆ ಅರ್ಧ ಸ್ವರ ಏರಿದ ಹಾಡೊಂದನ್ನು ಬಿಟ್ಟರು. ಹಾಲಿನಲ್ಲಿದ್ದ ಹಿರಿಯರೊಬ್ಬರು ಹಲ್ಲು ಚುಳ್ಳೆಂದವರಂತೆ ಕೆನ್ನೆ ಹಿಡಿದುಕೊಂಡರು. ಇಂದಿನ ಡಿಜೆ ತಂತ್ರಾಂಶಗಳು ಪ್ರತಿ ಹಾಡಿನ ಶ್ರುತಿಯನ್ನೂ, ನಿಮಿಷಕ್ಕೆ ಎಷ್ಟು ಹೊಡೆತ ಎಂಬ ಲಯವನ್ನೂ ಪರದೆಯ ಮೇಲೆ ತೋರಿಸುತ್ತವೆ. ತಂಡದವರನ್ನು ಮೊದಲೇ ‘ಕೊನೆಯ ಹಾಡು ಯಾವ ಶ್ರುತಿ, ಯಾವ ಲಯ’ ಎಂದು ಕೇಳಿ, ತಬಲಾದ ಲಯ ಹಿಡಿದೇ ಒಳಗೆ ಬರುವ ಡಿಜೆಯೂ ಇದ್ದಾರೆ. ಆ ಕುಶಲತೆಯನ್ನು ಗುರುತಿಸಿ ಬರೆದರೆ ಅದು ವಿಮರ್ಶೆ. ‘ಡಿಜೆ ಹುಚ್ಚೆಬ್ಬಿಸಿದರು’ ಎಂದಷ್ಟೇ ಬರೆದರೆ ಅದು ಮುಂದಿನ ತಿಂಗಳ ಪೋಸ್ಟರಿನ ಸಾಮಗ್ರಿ.

ಸ್ನೇಹಿತನಿಗೆ ಹೇಳಿರಿ: ಚೆನ್ನಾಗಿ ನುಡಿಸಿದರೆ ಚೆನ್ನಾಗಿ ಬರೆಯುತ್ತೇನೆ.

ಪ್ರಶ್ನೆ: ನಮ್ಮ ಮನೆ ಇಂಥ ಒಂದು ಹಾಲಿನ ಹಿಂದೆ ಇದೆ. ರಾತ್ರಿ ಕಿಟಕಿಯ ಗಾಜು ನಡುಗುತ್ತದೆ, ಸ್ಟೀಲ್ ಡಬ್ಬಿಗಳು ಸದ್ದು ಮಾಡುತ್ತವೆ. ಕೇಳಿದರೆ ‘ಮೀಟರ್ ಇಟ್ಟು ನೋಡಿದ್ದೇವೆ, ಮಿತಿಯೊಳಗೇ ಇದೆ’ ಎನ್ನುತ್ತಾರೆ. ನಿಯಮ ಏನಿದೆ? — ಗೃಹಿಣಿ, ವಿದ್ಯಾನಗರ

ಉತ್ತರ: 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ವಾಣಿಜ್ಯ ಪ್ರದೇಶದಲ್ಲಿ ಅದು 65 ಮತ್ತು 55. ಈ ಲೆಕ್ಕದಲ್ಲಿ ರಾತ್ರಿ ಎಂದರೆ ಹತ್ತರಿಂದ ಬೆಳಿಗ್ಗೆ ಆರರವರೆಗೆ. ಆ ಅವಧಿಯಲ್ಲಿ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಸಭಾಂಗಣದಂಥ ಮುಚ್ಚಿದ ಜಾಗದೊಳಗಿನ ಬಳಕೆಗೆ ವಿನಾಯಿತಿ ಇದೆ, ಆದರೆ ಸದ್ದು ಒಳಗೇ ಇರಬೇಕು. ಹಬ್ಬ-ಉತ್ಸವಗಳಿಗಾಗಿ ರಾಜ್ಯ ಸರ್ಕಾರ ವರ್ಷದಲ್ಲಿ 15 ದಿನ ಮೀರದಂತೆ ರಾತ್ರಿ 12ರವರೆಗೆ ಸಡಿಲಿಕೆ ಕೊಡಬಹುದು. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರ್‌ವರೆಗಿನ ಜಾಗ ನಿಶ್ಶಬ್ದ ವಲಯವೆಂದು ಪರಿಗಣಿತವಾಗಬಹುದು. ಮಿತಿಗಿಂತ 10 ಡೆಸಿಬೆಲ್ ಅಥವಾ ಅದಕ್ಕೂ ಹೆಚ್ಚು ಸದ್ದಾದರೆ ನೀವು ಪೊಲೀಸ್ ಅಧಿಕಾರಿಗಳಿಗೆ ದೂರು ಕೊಡಬಹುದು.

ಮೀಟರಿನ ಮಾತಿಗೆ ಬರೋಣ. ನಿಯಮದ ಅಳತೆ ಕಿವಿಯ ಸ್ವಭಾವಕ್ಕೆ ಹೊಂದಿಸಿದ್ದು, ಕಿವಿ ಬೇಸ್ ಸದ್ದನ್ನು ಕಡಿಮೆ ಗ್ರಹಿಸುವುದರಿಂದ ಆ ಅಳತೆಯಲ್ಲಿಯೂ ಬೇಸ್ ಕಡಿಮೆಯಾಗಿಯೇ ತೋರುತ್ತದೆ. ನಿಮ್ಮ ಡಬ್ಬಿಗಳಿಗೆ ಕಿವಿ ಇಲ್ಲ. ಬೇಸ್ ಸದ್ದಿನಲ್ಲಿ 50 ಹರ್ಟ್ಸ್‌ನ (ಸೆಕೆಂಡಿಗೆ 50 ಕಂಪನದ) ಒಂದು ಅಲೆಯ ಉದ್ದ ಸುಮಾರು 7 ಮೀಟರ್, ಇಟ್ಟಿಗೆಯ ಗೋಡೆ ಅದಕ್ಕೆ ದೊಡ್ಡ ಅಡ್ಡಿಯಲ್ಲ. ಆದ್ದರಿಂದ ಒಟ್ಟು ಸದ್ದು ಇಳಿಸಿರಿ ಎಂದು ಜಗಳಕ್ಕೆ ಹೋಗುವ ಬದಲು, ಬೇಸ್ ಬಾಕ್ಸುಗಳನ್ನು ನಿಮ್ಮ ಕಡೆಯ ಗೋಡೆಯ ಮೂಲೆಯಿಂದ ಎಳೆದು ಈಚೆ ಇಡಲು ಕೇಳಿರಿ. ಮೂಲೆಗೆ ಒತ್ತಿಟ್ಟ ಬಾಕ್ಸಿನ ಬೇಸ್ ಇನ್ನಷ್ಟು ಹೆಚ್ಚುತ್ತದೆ. ಇದು ಖರ್ಚಿಲ್ಲದ ಕೆಲಸ, ಹಾಗಾಗಿ ಒಪ್ಪಿಯಾರು. ಸಂಘಟಕರೂ ಓದುತ್ತಿದ್ದರೆ ಅವರಿಗೊಂದು ಮಾತು: ಒಳಗಿರುವವರ ಕಿವಿಯ ದೃಷ್ಟಿಯಿಂದ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದ ಮೇಲ್ಮಿತಿ ಸರಾಸರಿ 100 ಡೆಸಿಬೆಲ್.

ಪ್ರಶ್ನೆ: ಸಿನಿಮಾ ಹಾಡು ಹಾಡಲು, ನುಡಿಸಲು ಲೈಸೆನ್ಸ್ ಬೇಕೇ? ಮದುವೆಗೆ ಬೇಡ ಎಂದು ಕೇಳಿದ್ದೇವೆ. — ಆರ್ಕೆಸ್ಟ್ರಾ ತಂಡದವರು, ಹಾವೇರಿ

ಉತ್ತರ: ಮದುವೆ ಮತ್ತು ಧಾರ್ಮಿಕ ಸಮಾರಂಭಗಳಿಗೆ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ವಿನಾಯಿತಿ ಇದೆ. ಟಿಕೆಟ್ ಇಟ್ಟ ಸಂಜೆಗೆ ಅದು ಅನ್ವಯಿಸುವುದಿಲ್ಲ. ವೇದಿಕೆಯ ಮೇಲೆ ನೀವೇ ಹಾಡಿದರೆ ಸಾಹಿತ್ಯ ಮತ್ತು ರಾಗಸಂಯೋಜನೆಯ ಹಕ್ಕಿನ ಅನುಮತಿ ಬೇಕು. ಡಿಜೆ ಮೂಲ ಧ್ವನಿಮುದ್ರಣವನ್ನೇ ಹಾಕಿದರೆ ಅದರ ಜೊತೆಗೆ ಧ್ವನಿಮುದ್ರಣದ ಹಕ್ಕಿನದೂ ಬೇಕು. ಎರಡನ್ನು ಕೊಡುವ ಸಂಸ್ಥೆಗಳು ಬೇರೆ ಬೇರೆ. ಬಜೆಟ್ ಬರೆಯುವಾಗಲೇ ಇದಕ್ಕೊಂದು ಸಾಲು ಇಡಿ.

ಪ್ರಶ್ನೆ: ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್ ಅವರ ಊರಿನಲ್ಲಿ ಡಿಜೆಗೆ ವೇದಿಕೆ ಕೊಡುವುದು ಸರಿಯೇ? — ನಿವೃತ್ತ ಶಿಕ್ಷಕರು, ಧಾರವಾಡ

ಉತ್ತರ: ತಮ್ಮ ಸಂಕಟ ಅರ್ಥವಾಗುತ್ತದೆ. ಆದರೆ ಗಂಗೂಬಾಯಿಯವರ ಆರಂಭದ ಗ್ರಾಮಫೋನ್ ತಟ್ಟೆಗಳು ‘ಗಾಂಧಾರಿ’ ಎಂಬ ಹೆಸರಿನಲ್ಲಿ ಹೊರಬಂದವು, ಮನ್ಸೂರರು ಎಳೆಯ ವಯಸ್ಸಿನಲ್ಲಿ ನಾಟಕ ಕಂಪನಿಯಲ್ಲಿ ಹಾಡಿದವರು. ಗ್ರಾಮಫೋನೂ ಕಂಪನಿ ರಂಗವೂ ಅವರ ಸಂಗೀತವನ್ನು ಕೆಡಿಸಲಿಲ್ಲ. ನನ್ನ ತಕರಾರು ಡಿಜೆ ಬಗ್ಗೆ ಅಲ್ಲ, ಕೇಳುಗ ‘ವಾಹ್’ ಎನ್ನಲು ಎರಡು ಕ್ಷಣದ ಬಿಡುವನ್ನೂ ಕೊಡದೆ ಒಂದರ ಮೇಲೊಂದು ಹಾಡು ಪೇರಿಸುವ ಅಭ್ಯಾಸದ ಬಗ್ಗೆ.

ಪ್ರಶ್ನೆ: ನಮ್ಮಲ್ಲಿ ಕಲ್ಯಾಣ ಮಂಟಪ ಬಿಟ್ಟರೆ ಬೇರೆ ಹಾಲ್ ಸಿಗುತ್ತಿಲ್ಲ. ಅಲ್ಲಿ ಮಾಡಿದರೆ ಎಲ್ಲವೂ ಗುಂಯ್ ಎನ್ನುತ್ತದೆ. ಉಪಾಯವಿದೆಯೇ? — ಯುವಕ ಸಂಘದವರು, ಗದಗ

ಉತ್ತರ: ನೆಲ ಗ್ರಾನೈಟ್, ಗೋಡೆಗೆ ಟೈಲ್ಸ್, ಎತ್ತರದ ಚಾವಣಿ ಇದ್ದರೆ ಸದ್ದು ತಿರುತಿರುಗಿ ಬಡಿಯುತ್ತದೆ. ನಡುವೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ಹೊಡೆದು, ಅದರ ಗುಂಗು ಎಷ್ಟು ಹೊತ್ತು ಉಳಿಯುತ್ತದೆ ಎಂದು ಕೇಳಿರಿ. ಕುರ್ಚಿಯ ಬದಲು ನೆಲಕ್ಕೆ ನವಲಗುಂದದ ಜಮಖಾನೆಯಂಥ ದಪ್ಪ ಹಾಸು ಹಾಕಿ, ವೇದಿಕೆಯ ಎದುರಿನ ಗೋಡೆಗೆ ಶಾಮಿಯಾನದವರ ದಪ್ಪ ಬಟ್ಟೆಯನ್ನು ನೆರಿಗೆ ಬರುವಂತೆ, ಗೋಡೆಯಿಂದ ಒಂದು ಗೇಣು ಬಿಟ್ಟು ಇಳಿಬಿಡಿ. ಎರಡು ದೊಡ್ಡ ಬಾಕ್ಸುಗಳ ಬದಲು ಸಣ್ಣವನ್ನು ಜನರ ಹತ್ತಿರ ಇಟ್ಟು ಸದ್ದು ತಗ್ಗಿಸಿರಿ. ಬಟ್ಟೆ ಕಟ್ಟಲು ಗೋಡೆಗೆ ಮೊಳೆ ಹೊಡೆಯಲು ಬಿಡುತ್ತಾರೋ ಇಲ್ಲವೋ ಎಂಬುದನ್ನು ಮಾತ್ರ ಮುಂಗಡ ಕೊಡುವ ಮೊದಲೇ ಕೇಳಿಕೊಳ್ಳಿ.