ಹೆಪಟೈಟಿಸ್ ಬಿ ಪಾಸಿಟಿವ್ ಬಂದಿದೆ, ಆರೋಗ್ಯ ಇಲಾಖೆಯವರಿಗೆ ನನ್ನ ನಂಬರ್ ಹೇಗೆ ಸಿಕ್ಕಿತು?

ಹರ್ನಿಯಾ ಆಪರೇಷನ್‌ಗೆ ಮುಂಚೆ ಮಾಡಿಸಿದ ರಕ್ತ ಪರೀಕ್ಷೆಯಲ್ಲಿ ಎಚ್‌ಬಿಎಸ್‌ಎಜಿ (ಲಿವರ್‌ಗೆ ತಗುಲುವ ಹೆಪಟೈಟಿಸ್ ಬಿ ವೈರಸ್‌ನ ಗುರುತು) ಪಾಸಿಟಿವ್ ಬಂತು, ನಾಲ್ಕು ದಿನಕ್ಕೆ ಜಿಲ್ಲಾ ಸರ್ವೇಕ್ಷಣಾ ಘಟಕದಿಂದ ಫೋನ್ ಬಂತು, ಗಾಬರಿಯಾಗಿ ಕಟ್ ಮಾಡಿದೆ, ಇನ್ನು ಊರಿಗೆಲ್ಲ ಗೊತ್ತಾಗಿಬಿಡುತ್ತದಾ ಎಂದು ಕೇಳಿದ್ದೀರಿ. ಅಂಥ ಫೋನ್ ಮಾಡುವುದೇ ನನ್ನ ಕೆಲಸ. ನಿಮ್ಮದಲ್ಲದ ಇನ್ನೊಂದು ಜಿಲ್ಲೆಯಲ್ಲಿ 11 ವರ್ಷದಿಂದ ಮಾಡುತ್ತಿದ್ದೇನೆ. ದಯವಿಟ್ಟು ಆ ನಂಬರಿಗೆ ವಾಪಸ್ ಫೋನ್ ಮಾಡಿ.

ನಿಮ್ಮ ನಂಬರ್ ಸಿಕ್ಕಿದ್ದು ಲ್ಯಾಬಿನಿಂದ. ಯಾವ ಕಾಯಿಲೆ ಎಲ್ಲಿ ಹರಡುತ್ತಿದೆ ಎಂದು ಗಮನಿಸಲು 2004ರಲ್ಲಿ ಶುರುವಾದ ಐಡಿಎಸ್‌ಪಿ ಎಂಬ ಸರ್ಕಾರಿ ಯೋಜನೆಯಲ್ಲಿ ಮೂರು ಕಡೆಯಿಂದ ಮಾಹಿತಿ ಬರುತ್ತದೆ. ಊರೂರು ತಿರುಗುವ ಆರೋಗ್ಯ ಸಿಬ್ಬಂದಿ ಲಕ್ಷಣ ನೋಡಿ ಬರೆಯುವುದು ಎಸ್ ಫಾರ್ಮ್, ವೈದ್ಯರು ತಮ್ಮ ಅಂದಾಜಿನ ಮೇಲೆ ಬರೆಯುವುದು ಪಿ ಫಾರ್ಮ್, ಪರೀಕ್ಷೆಯಲ್ಲಿ ಖಚಿತವಾದದ್ದು ಲ್ಯಾಬಿನ ಎಲ್ ಫಾರ್ಮ್. ಮೊದಲು ಇವು ವಾರಕ್ಕೊಮ್ಮೆ ಕಾಗದದಲ್ಲಿ ಬರುತ್ತಿದ್ದವು, ಈಗ ಪೋರ್ಟಲ್‌ನಲ್ಲೇ ಕಾಣುತ್ತವೆ.

ಆದರೆ ಪೋರ್ಟಲ್‌ನಲ್ಲಿ ನಿಮ್ಮ ಹೆಸರಿನ ಮುಂದಿರುವ ಒಂದು ಸಾಲನ್ನು ನೋಡಿ ನನಗೆ ತಿಳಿಯುವುದು ಬಹಳ ಕಡಿಮೆ. ಎಚ್‌ಬಿಎಸ್‌ಎಜಿ ಪಾಸಿಟಿವ್ ಎಂದರೆ ವೈರಸ್ ಮೈಯಲ್ಲಿದೆ ಎಂದಷ್ಟೇ ಅರ್ಥ. ಅದು ಹೋದ ತಿಂಗಳು ಹೊಕ್ಕಿದ್ದೋ, ನೀವು ಹುಟ್ಟುವಾಗಲೇ ತಾಯಿಯಿಂದ ಬಂದಿದ್ದೋ, ಆ ಪರೀಕ್ಷೆ ಹೇಳುವುದಿಲ್ಲ. ಹುಟ್ಟುವಾಗ ತಗುಲಿದರೆ ನೂರರಲ್ಲಿ ತೊಂಬತ್ತು ಮಕ್ಕಳಲ್ಲಿ ಅದು ಹಾಗೇ ಉಳಿದುಬಿಡುತ್ತದೆ. ದೊಡ್ಡವರಾದ ಮೇಲೆ ತಗುಲಿದರೆ ತೊಂಬತ್ತೈದಕ್ಕಿಂತ ಹೆಚ್ಚು ಜನರಲ್ಲಿ ತಾನಾಗಿಯೇ ಹೋಗುತ್ತದೆ. ಹಾಗಾಗಿ ಆಪರೇಷನ್‌ಗೆ ಮುಂಚೆ, ರಕ್ತದಾನ ಮಾಡುವಾಗ, ಬಸಿರಿನ ತಪಾಸಣೆಯಲ್ಲಿ ಆಕಸ್ಮಿಕವಾಗಿ ಗೊತ್ತಾಗುವವು ಹೆಚ್ಚಾಗಿ ಹಳೆಯವು. ಹಳೆಯದನ್ನೂ ಹೊಸದನ್ನೂ ಒಂದೇ ಲೆಕ್ಕಕ್ಕೆ ಸೇರಿಸಿದರೆ, ಪರೀಕ್ಷೆ ಜಾಸ್ತಿ ಮಾಡಿದ ತಾಲ್ಲೂಕಿನಲ್ಲೇ ಕಾಯಿಲೆ ಜಾಸ್ತಿ ಇದ್ದಂತೆ ಕಾಣುತ್ತದೆ. ಎಲ್ಲಿ ನಿಜವಾಗಿ ಹರಡುತ್ತಿದೆಯೋ ಆ ಊರು ಅದರಡಿಯಲ್ಲಿ ಮುಚ್ಚಿಹೋಗುತ್ತದೆ. ಹೆಸರುಗಳ ಗೋಜಲು ಬೇರೆ: ಮಂಜುನಾಥ ಎಂ., ಎಂ. ಮಂಜುನಾಥ್, ಮಂಜಣ್ಣ ಎಂದು ಮೂರು ಲ್ಯಾಬಿನಿಂದ ಬಂದ ಮೂರು ಸಾಲು ಒಬ್ಬರದೇ ಆಗಿರುತ್ತದೆ. ಇದನ್ನೆಲ್ಲ ಬಿಡಿಸಲು ಫೋನ್ ಬಿಟ್ಟು ನಮಗೆ ಬೇರೆ ದಾರಿಯಿಲ್ಲ.

ಒಂದು ಸಲ ಒಂದೇ ಹೋಬಳಿಯಿಂದ ಮೂರು ವಾರದಲ್ಲಿ ನಾಲ್ವರು ಕಾಮಾಲೆಯಿಂದ ಆಸ್ಪತ್ರೆಗೆ ಬಂದರು. ನಾಲ್ವರಿಗೂ ಹೆಪಟೈಟಿಸ್ ಬಿ. ಊರು ಬೇರೆ, ಕೆಲಸ ಬೇರೆ, ಒಬ್ಬರಿಗೊಬ್ಬರು ಪರಿಚಯವೂ ಇಲ್ಲ. ಕಳೆದ ಆರು ತಿಂಗಳಲ್ಲಿ ಆಪರೇಷನ್, ರಕ್ತ, ಹಚ್ಚೆ, ಹಲ್ಲು ಕೀಳಿಸಿದ್ದು, ಇಂಜೆಕ್ಷನ್ ಎಂದು ಒಂದೊಂದಾಗಿ ಕೇಳಿದೆ. ವೈರಸ್ ಒಳಹೊಕ್ಕ ಮೇಲೆ ಕಾಯಿಲೆ ಕಾಣಿಸಿಕೊಳ್ಳಲು ಒಂದರಿಂದ ಆರು ತಿಂಗಳು ಬೇಕು, ಅದಕ್ಕೇ ಅಷ್ಟು ಹಿಂದಿನದನ್ನು ಕೆದಕುವುದು. ಮೂವರು "ಏನೂ ಇಲ್ಲ ಸಾರ್" ಎಂದರು. ನಾಲ್ಕನೆಯವರು ಒಬ್ಬ ಅಜ್ಜಿ. "ಮಂಡಿ ನೋವಿಗೆ ಸಂತೆ ದಿನ ಸೂಜಿ ಹಾಕಿಸ್ಕೋತೀನಿ ಕಣಪ್ಪ, ಅವ್ನು ಬಿಸಿನೀರಲ್ಲಿ ತೊಳೆದೇ ಹಾಕ್ತಾನೆ, ಭಾಳ ಒಳ್ಳೇವ್ನು" ಎಂದರು. ಕುಳಿತಲ್ಲೇ ನನ್ನ ಕೈಕಾಲು ತಣ್ಣಗಾಯಿತು. ಮತ್ತೆ ಫೋನ್ ಮಾಡಿ ಸಂತೆಯ ಹೆಸರು ಹೇಳಿ ಕೇಳಿದಾಗ ಉಳಿದ ಮೂವರೂ ಹೂಂ ಎಂದರು. ಜ್ವರಕ್ಕೆ, ಸುಸ್ತಿಗೆ ಹಾಕಿಸಿಕೊಂಡದ್ದು, ಅದನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ. ನಮ್ಮ ತಂಡ ಹೋದಾಗ ಆ ಮನುಷ್ಯನ ಮೇಜಿನ ಮೇಲೆ ಸ್ಟೀಲ್ ಲೋಟದ ನೀರಿನಲ್ಲಿ ಎರಡು ಸಿರಿಂಜ್ ನಿಂತಿದ್ದವು. ಈ ವೈರಸ್ ಮೈಯಿಂದ ಹೊರಗೂ ಕನಿಷ್ಠ ಏಳು ದಿನ ಬದುಕಿರುತ್ತದೆ, ಬಿಸಿನೀರಲ್ಲಿ ತೊಳೆದ ಮಾತ್ರಕ್ಕೆ ಸಾಯುವುದಿಲ್ಲ.

2009ರಲ್ಲಿ ಗುಜರಾತಿನ ಮೊಡಾಸಾ ಸುತ್ತಮುತ್ತ ಹೀಗೇ ಬಳಸಿದ ಸಿರಿಂಜುಗಳಿಂದ ಹರಡಿ ಹತ್ತಾರು ಜನ ತೀರಿಕೊಂಡರು. ನಮ್ಮಲ್ಲಿ ಅಂಥದ್ದು ನಾಲ್ಕು ಜನರಲ್ಲಿರುವಾಗಲೇ ಸಿಕ್ಕಿತು ಎಂದರೆ ಅದಕ್ಕೆ ಆ ಅಜ್ಜಿ ಫೋನ್ ಎತ್ತಿದ್ದೇ ಕಾರಣ.

ಇನ್ನು ನಿಮ್ಮ ಭಯ. ಅದು ಸುಳ್ಳು ಭಯ ಎಂದು ನಾನು ಹೇಳುವುದಿಲ್ಲ. ಹಿಂದೊಮ್ಮೆ ಒಬ್ಬ ಸಿಬ್ಬಂದಿ ಬಾಗಿಲಲ್ಲೇ ನಿಂತು, ಪಕ್ಕದ ಮನೆಯವರ ಎದುರೇ ಕಾಯಿಲೆಯ ಹೆಸರೆತ್ತಿದರು. ಆ ಹುಡುಗಿಯ ಮದುವೆ ಮಾತುಕತೆ ಅಲ್ಲಿಗೇ ನಿಂತಿತು. ಇವತ್ತಿಗೂ ನೆನೆದರೆ ಸಂಕಟವಾಗುತ್ತದೆ. ಅಂದಿನಿಂದ ನಾನು ಮಾತಾಡಲು ಈಗ ಅನುಕೂಲವಿದೆಯಾ ಎಂದು ಮೊದಲು ಕೇಳಿಯೇ ಮುಂದುವರಿಯುತ್ತೇನೆ. ನೀವೂ ಖಡಾಖಂಡಿತವಾಗಿ ಹೇಳಿ: ಮನೆಗೆ ಬರಬೇಡಿ, ಇಷ್ಟು ಗಂಟೆಗೆ ಫೋನ್ ಮಾಡಿ, ಇಲ್ಲವೇ ನಾನೇ ಆಸ್ಪತ್ರೆಗೆ ಬರುತ್ತೇನೆ. ಹಾಗೆ ಕೇಳುವುದು ನಿಮ್ಮ ಹಕ್ಕು. ಜೊತೆಗೆ ಕೂತು ಉಣ್ಣುವುದರಿಂದ, ಮಕ್ಕಳನ್ನು ಎತ್ತಿಕೊಳ್ಳುವುದರಿಂದ ಇದು ಹರಡುವುದಿಲ್ಲ. ರೇಜರ್, ಹಲ್ಲುಜ್ಜುವ ಬ್ರಷ್ ಮಾತ್ರ ನಿಮ್ಮದೇ ಬೇರೆ ಇರಲಿ. ಹೆಂಡತಿಯ ಪರೀಕ್ಷೆ, ಲಸಿಕೆ ಆಗುವವರೆಗೆ ಕಾಂಡೋಮ್ ಬಳಸಿ.

ಫೋನ್ ಮಾಡಿದಾಗ ಆಂಟಿ-ಎಚ್‌ಬಿಸಿ ಐಜಿಎಂ ಪರೀಕ್ಷೆ ಎಲ್ಲಿ ಆಗುತ್ತದೆ ಎಂದು ಕೇಳಿ. ಸೋಂಕು ಹೊಸದೋ ಹಳೆಯದೋ ಎನ್ನುವುದಕ್ಕೆ ಅದರಿಂದ ಸುಳಿವು ಸಿಗುತ್ತದೆ. ಆರು ತಿಂಗಳ ಮೇಲೂ ಎಚ್‌ಬಿಎಸ್‌ಎಜಿ ಉಳಿದಿದ್ದರೆ ದೀರ್ಘಕಾಲದ್ದು ಎಂದರ್ಥ. ಆಗಲೂ ಎಲ್ಲರಿಗೂ ಮಾತ್ರೆ ಬೇಕಾಗುವುದಿಲ್ಲ, ಆದರೆ ಲಿವರ್ ತಪಾಸಣೆ ತಪ್ಪಿಸಬಾರದು. ಮಾತ್ರೆ ಬೇಕಾದವರಿಗೆ 2018ರಲ್ಲಿ ಶುರುವಾದ ರಾಷ್ಟ್ರೀಯ ಹೆಪಟೈಟಿಸ್ ಕಾರ್ಯಕ್ರಮದಲ್ಲಿ ಉಚಿತವಾಗಿ ಕೊಡುತ್ತಾರೆ.

ಹೆಂಡತಿ, ಮಕ್ಕಳು, ತಾಯಿ, ಅಣ್ಣತಮ್ಮಂದಿರು ಎಲ್ಲರಿಗೂ ಪರೀಕ್ಷೆ ಮಾಡಿಸಿ. ನೆಗೆಟಿವ್ ಬಂದವರಿಗೆ ಲಸಿಕೆ ಆಗಿರದಿದ್ದರೆ ಮೂರು ಡೋಸ್ ಹಾಕಿಸಿ. ಫೋನ್ ಮಾಡುವ ಮುಂಚೆ ಮಕ್ಕಳ ತಾಯಿ ಕಾರ್ಡ್ ಹುಡುಕಿ ಇಟ್ಟುಕೊಳ್ಳಿ. ಹುಟ್ಟಿದ 24 ಗಂಟೆಯೊಳಗೆ ಹೆಪಟೈಟಿಸ್ ಬಿ ಚುಚ್ಚುಮದ್ದು ಬಿದ್ದಿದೆಯಾ ಎಂದು ಅದರಲ್ಲಿ ಬರೆದಿರುತ್ತದೆ. ನಾನಾಗಿದ್ದರೆ ಮೊದಲು ಅದನ್ನೇ ಕೇಳುತ್ತಿದ್ದೆ.