ಕಂಬ 74 ದಿನ ಲೇಟು, ಕಾಮಗಾರಿ 130 ದಿನ ಲೇಟು: ಸೋಮವಾರಪೇಟೆ ಅಣ್ಣನ ಪ್ರಶ್ನೆಗೆ ಉತ್ತರ

ಅಣ್ಣಾ ನಮಸ್ಕಾರ, ಕಾಫಿ ಗುಂಪಲ್ಲಿ ಕಂಟ್ರಾಕ್ಟ್ ವಿಷಯ ಯಾಕೆ ಅಂತ ಅಡ್ಮಿನ್ ಬೈದ್ರೆ ಬೈಸ್ಕೊಳ್ಳೋಣ, ಇಲ್ಲಿ ಅರ್ಧ ಜನ ಬೆಳಿಗ್ಗೆ ತೋಟ ಮಧ್ಯಾಹ್ನ ಸೈಟು ಅಂತಾನೇ ಬದುಕ್ತಿರೋದು. ಮೇಲೆ ಮೆಣಸಿನ ರೇಟ್ ಗಲಾಟೆಲಿ ನಿಮ್ಮ ಪ್ರಶ್ನೆ ಕಳೆದುಹೋಗಿದೆ, ಅದಕ್ಕೆ ನಾನು ಅರ್ಥ ಮಾಡ್ಕೊಂಡಿದ್ದು ಸರಿನಾ ನೋಡಿ. ತಡೆಗೋಡೆ ಪ್ಲಸ್ ರಸ್ತೆ ಕಾಮಗಾರಿ, 11 ತಿಂಗಳ ಅವಧಿ, ಹೋದ ವರ್ಷ ಜನವರಿ 10ಕ್ಕೆ ಸೈಟ್ ಹ್ಯಾಂಡ್ ಓವರ್, ಡಿಸೆಂಬರ್ 9ಕ್ಕೆ ಮುಗಿಸಬೇಕಿತ್ತು. ಫೆಬ್ರವರಿ 15ರ ಒಳಗೆ ಕರೆಂಟ್ ಕಂಬ, ಮರ ತೆಗೆಸಿಕೊಡ್ತೀವಿ ಅಂದ ಇಲಾಖೆಯವರು ತೆಗೆಸಿದ್ದು ಏಪ್ರಿಲ್ 30ಕ್ಕೆ. ನೀವು ಕೆಲಸ ಮುಗಿಸಿದ್ದು ಈ ವರ್ಷ ಏಪ್ರಿಲ್ 18ಕ್ಕೆ, ಅಂದ್ರೆ 130 ದಿನ ಲೇಟು. ಅವರು ಹೇಳೋದು ನಮ್ಮಿಂದ ಲೇಟಾಗಿದ್ದು 74 ದಿನ, ಅಷ್ಟಕ್ಕೆ ಇಒಟಿ (ಅವಧಿ ವಿಸ್ತರಣೆ) ಕೊಡ್ತೀವಿ, ಉಳಿದ 56 ದಿನಕ್ಕೆ ಎಲ್‌ಡಿ (ತಡವಾದ ದಂಡ) ಹಿಡೀತೀವಿ ಅಂತ. ನಿಮ್ಮ ಹತ್ರ ಇರೋದು ಅಗ್ರಿಮೆಂಟ್ ಟೈಮಲ್ಲಿ ಕೊಟ್ಟ ಒಂದೇ ಒಂದು ಹಾಳೆ ಬಾರ್ ಚಾರ್ಟ್, ಯಾವ ಕೆಲಸ ಯಾವಾಗ ಅಂತ ಗೆರೆ ಎಳೆದಿದ್ದು. ಈಗ ಒಬ್ಬ ಹುಡುಗನ ಕೈಲಿ ಎಂಎಸ್ ಪ್ರಾಜೆಕ್ಟಲ್ಲಿ ತಿಂಗಳು ತಿಂಗಳಿನ ಶೆಡ್ಯೂಲ್ ಮಾಡಿಸಿ ಹಳೇ ಡೇಟ್ ಹಾಕಿ ಕೊಡಬಹುದಾ ಅಂತ ಕೇಳಿದ್ದೀರಿ.

ಕೊಡಬೇಡಿ ಅಣ್ಣಾ, ದಮ್ಮಯ್ಯ. ಧರ್ಮದ ಮಾತು ಪಕ್ಕಕ್ಕಿಡಿ, ಅದು ನಿಲ್ಲಲ್ಲ. ಫೈಲ್ ಯಾವತ್ತು ಹುಟ್ಟಿದ್ದು ಅಂತ ಪ್ರಾಪರ್ಟೀಸ್ ನೋಡಿದ್ರೆ ಗೊತ್ತಾಗುತ್ತೆ, ಟಪ್ಪಾಲಲ್ಲಿ ಇನ್‌ವರ್ಡ್ ಸೀಲ್ ಇರಲ್ಲ, ಒಂದು ಕಾಗದ ಸುಳ್ಳು ಅಂತ ಸಿಕ್ಕಿಬಿದ್ರೆ ಪಕ್ಕದಲ್ಲಿರೋ ಒಂಬತ್ತು ನಿಜವಾದ ಕಾಗದಾನೂ ಅನುಮಾನದಲ್ಲೇ ನೋಡ್ತಾರೆ. ನಮ್ಮೂರಲ್ಲಿ ಪ್ರತಿ ತೋಟದಲ್ಲೂ ಮಳೆ ಡೈರಿ ಇದೆಯಲ್ಲ, ಅಜ್ಜ ಬೆಳಿಗ್ಗೆ ಎದ್ದು ಗೇಜ್ ನೋಡಿ 2 ಇಂಚು 30 ಸೆಂಟ್ ಅಂತ ಬರೆದಿಟ್ಟಿದ್ದು, ಅದನ್ನ ಯಾರೂ ಪ್ರಶ್ನೆ ಮಾಡಲ್ಲ. ಅದೇ ಹೂಮಳೆ ಎಷ್ಟಾಯ್ತು ಅಂತ ಕುಯ್ಲು ಮುಗಿದ ಮೇಲೆ ನೆನಪಿಂದ ಬರೆದ್ರೆ ಪಕ್ಕದ ತೋಟದವನೇ ನಗ್ತಾನೆ. ಶೆಡ್ಯೂಲೂ ಅದೇ ಜಾತಿ.

ಈಗ ಪೂರ್ತಿ 130 ದಿನಕ್ಕೂ ಇಒಟಿ ಬೇಕು ಅನ್ನೋ ನಿಮ್ಮ ಲೆಕ್ಕಕ್ಕೆ ಬರ್ತೀನಿ, ಯಾಕಂದ್ರೆ ನನ್ನ ಪ್ರಕಾರ ನೀವೂ ತಪ್ಪು ಅವರೂ ತಪ್ಪು.

ನಿಮ್ಮ ಬಾರ್ ಚಾರ್ಟ್ ಫೋಟೋ ಝೂಮ್ ಮಾಡಿ ನೋಡಿದೆ. ಅಗೆತ ಫೆಬ್ರವರಿ 16ರಿಂದ ಮಾರ್ಚ್ 20, 33 ದಿನ. ಗೋಡೆ ಮಾರ್ಚ್ 21ರಿಂದ ಮೇ 20, 61 ದಿನ. ಹಿಂದುಗಡೆ ಮಣ್ಣು ತುಂಬೋದು ಮೇ 31ರ ತನಕ, 11 ದಿನ. ಆಮೇಲೆ ಜೂನ್‌ನಿಂದ ಸೆಪ್ಟೆಂಬರ್ ಖಾಲಿ, ರಸ್ತೆ ಅಕ್ಟೋಬರ್ 1ರಿಂದ ಡಿಸೆಂಬರ್ 9, 70 ದಿನ. ಈ ನಾಲ್ಕು ತಿಂಗಳು ಖಾಲಿ ಬಿಟ್ಟಿದ್ದೀರಲ್ಲ, ಅದೇ ನಿಮ್ಮನ್ನ ಕಾಪಾಡೋದು. ಎಷ್ಟೋ ಜನ ಮೈಸೂರಲ್ಲಿ ಕೂತ ಯಾರೋ ಮಾಡಿಕೊಟ್ಟ ಚಾರ್ಟನ್ನ ಕಣ್ಣುಮುಚ್ಚಿ ಸೈನ್ ಹಾಕಿ ಕೊಡ್ತಾರೆ, ಅದರಲ್ಲಿ ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಜಡಿಮಳೇಲಿ ಕಾಂಕ್ರೀಟ್ ಇರುತ್ತೆ! ಆಮೇಲೆ ಮಳೆ ಬಂತು ಸ್ವಾಮಿ ಅಂದ್ರೆ, ನೀನೇ ಜುಲೈಲಿ ಮಾಡ್ತೀನಿ ಅಂತ ಬರೆದುಕೊಟ್ಟಿದ್ದೀಯಲ್ಲ ಅಂತಾರೆ.

ಸರಿ, ಕಂಬ ಏಪ್ರಿಲ್ 30ಕ್ಕೆ ಹೋಯ್ತು. ಮೇ 1ಕ್ಕೆ ಅಗೆತ ಶುರು ಮಾಡಿದ್ರೆ ಮುಗಿಯೋದು ಜೂನ್ 2ಕ್ಕೆ, ಅಂದ್ರೆ ಬರೆ (ಗುಡ್ಡದ ಇಳಿಜಾರು) ಬಿಚ್ಚಿ ಮಳೆಗೆ ಕೊಟ್ಟ ಹಾಗೆ. 2018ರ ಆಗಸ್ಟಲ್ಲಿ ಕೊಡಗಿನ ಭೂಕುಸಿತ ನೋಡಿದ ಯಾವ ಇಂಜಿನಿಯರೂ ಅದಕ್ಕೆ ಒಪ್ಪಲ್ಲ, ನಿಮ್ಮ ಎಇ (ಇಲಾಖೆಯ ಸಹಾಯಕ ಇಂಜಿನಿಯರ್) ಕೂಡ ಬೇಡ ಅಂದ್ರು ಅಂತ ನೀವೇ ಬರೆದಿದ್ದೀರಿ (ಬಾಯಲ್ಲಿ ಹೇಳಿದ್ರಾ ಕಾಗದದಲ್ಲಾ? ಅದು ಮುಖ್ಯ). ಹಾಗಾಗಿ ಅಗೆತ ಅಕ್ಟೋಬರ್ 1ಕ್ಕೆ ಹೋಯ್ತು, 33 ದಿನ ಅಂದ್ರೆ ನವೆಂಬರ್ 2. ಗೋಡೆ 61 ದಿನ, ಜನವರಿ 2. ಮಣ್ಣು 11 ದಿನ, ಜನವರಿ 13. ರಸ್ತೆ 70 ದಿನ, ಮಾರ್ಚ್ 24. ಡಿಸೆಂಬರ್ 9ರಿಂದ ಮಾರ್ಚ್ 24ಕ್ಕೆ 105 ದಿನ. ಗಮನಿಸಿ, ಗೋಡೆ ಒಂದನ್ನೇ ನೋಡಿದ್ರೆ ಮೇ 20 ಇದ್ದಿದ್ದು ಜನವರಿ 2ಕ್ಕೆ ಹೋಗಿ 227 ದಿನ ಲೇಟಾಗಿದೆ, ಆ ನಂಬರ್ ನೋಡಿ ಖುಷಿಪಟ್ಟು 227 ದಿನ ಕೇಳಬೇಡಿ, ಇಒಟಿ ಸಿಗೋದು ಕಾಮಗಾರಿಯ ಕೊನೇ ತಾರೀಖು ಎಷ್ಟು ದೂರ ಹೋಯ್ತು ಅನ್ನೋದಕ್ಕೆ ಮಾತ್ರ. ಹಾಗೇ 74 ದಿನದ ಅಡ್ಡಿಗೆ 74 ದಿನವೇ ಅನ್ನೋ ಅವರ ಲೆಕ್ಕಾನೂ ತಪ್ಪು, ಆ 74 ದಿನ ನಿಮ್ಮನ್ನ ಮಳೆಗಾಲದೊಳಗೆ ತಳ್ಳಿತು.

ಉಳಿದ 25 ದಿನ? ಅದು ನಿಮ್ಮದು ಅಣ್ಣಾ, ಬೇಜಾರಾಗಬೇಡಿ. ಜನವರಿಲಿ ಲೇಬರ್ ಪೂರ್ತಿ ಕಾಫಿ ಕುಯ್ಲಿಗೆ ಹೋದ್ರು, ಜಲ್ಲಿ ಬಾಕಿ ಕೊಡದೆ ಕ್ರಷರ್‌ನವನು ಲೋಡ್ ನಿಲ್ಲಿಸಿದ ಅಂತ ನೀವೇ ಬರೆದಿದ್ದೀರಿ. ಕುಯ್ಲು ಪ್ರತಿ ವರ್ಷ ಬರುತ್ತೆ, ಅದನ್ನ ಶೆಡ್ಯೂಲಲ್ಲಿ ಮೊದಲೇ ಲೆಕ್ಕ ಹಾಕಬೇಕಿತ್ತು. ಅದನ್ನ ಒಪ್ಕೊಂಡು 105 ದಿನ ಕೇಳಿ, ಪೂರ್ತಿ 130 ಕೇಳೋದಕ್ಕಿಂತ ಗಟ್ಟಿಯಾಗಿ ನಿಲ್ಲುತ್ತೆ. ಎಲ್ಲಾ ತಪ್ಪೂ ಇಲಾಖೆದೇ ಅಂತ ಬರೆದ ಕ್ಲೇಮ್ ಯಾರೂ ಪೂರ್ತಿ ಓದಲ್ಲ.

ಇನ್ನೊಂದು ಪ್ರಶ್ನೆ ಗ್ಯಾರಂಟಿ ಬರುತ್ತೆ: ಕಂಬ ಇದ್ದಿದ್ದು ಗೋಡೆ ಜಾಗದಲ್ಲಿ, ಗೋಡೆ ಇಲ್ಲದ ಕಡೆ ರಸ್ತೆ ಮಾರ್ಚಲ್ಲೇ ಯಾಕೆ ಮಾಡಲಿಲ್ಲ? 1872ರ ಕಾಂಟ್ರಾಕ್ಟ್ ಆಕ್ಟ್ 73ನೇ ಸೆಕ್ಷನ್ ವಿವರಣೆಯಲ್ಲೇ ಇದೆ, ನಷ್ಟ ಲೆಕ್ಕ ಹಾಕುವಾಗ ಅದನ್ನ ತಪ್ಪಿಸೋಕೆ ಏನು ದಾರಿ ಇತ್ತು ಅಂತ ನೋಡಬೇಕು ಅಂತ. ಇದಕ್ಕೆ ಉತ್ತರ ರೆಡಿ ಮಾಡ್ಕೊಳ್ಳಿ, ಮಣ್ಣು ಸಾಗಿಸೋ ಲಾರಿ ಅದೇ ರಸ್ತೆ ಮೇಲೆ ಓಡಬೇಕಿತ್ತು ಅನ್ನೋದು ನಿಜವಾದ್ರೆ ಅದೇ ಒಳ್ಳೇ ಉತ್ತರ.

ಈಗ ಕಾಗದ ಎಲ್ಲಿಂದ ತರೋದು. ಹಳೇ ಡೇಟ್ ಹಾಕಬೇಡಿ ಅಂದೆ, ಆದ್ರೆ ಇವತ್ತಿನ ಡೇಟ್ ಹಾಕಿ "ದಾಖಲೆಗಳ ಆಧಾರದ ಮೇಲೆ ಈಗ ತಯಾರಿಸಿದ್ದು" ಅಂತ ಮೇಲೇ ಬರೆದು ಒಂದು ಆಸ್-ಬಿಲ್ಟ್ ಶೆಡ್ಯೂಲ್ (ಕೆಲಸ ನಿಜವಾಗಿ ನಡೆದ ತಾರೀಖಿನ ಪಟ್ಟಿ) ಮಾಡಬಹುದು, ಅದರಲ್ಲಿ ಯಾವ ತಪ್ಪೂ ಇಲ್ಲ. ಅದರ ಪ್ರತಿ ತಾರೀಖಿಗೂ ಒಂದು ಸಾಕ್ಷಿ ಬೇಕು. ಎಂಬಿಲಿ, ಅಂದ್ರೆ ಅಳತೆ ಪುಸ್ತಕದಲ್ಲಿ, ಅಳತೆ ಬರೆದ ದಿನ, ಆರ್‌ಎ ಬಿಲ್ಲು (ಕೆಲಸ ನಡೀತಿದ್ದಾಗ ಕೊಟ್ಟ ಬಿಲ್ಲು), ಕಾಂಕ್ರೀಟ್ ಗಟ್ಟಿ ನೋಡೋ ಕ್ಯೂಬ್ ಟೆಸ್ಟ್ ರಿಪೋರ್ಟು (ಅದರಲ್ಲಿ ಕಾಂಕ್ರೀಟ್ ಹಾಕಿದ ತಾರೀಖೇ ಇರುತ್ತೆ, ಇದಕ್ಕಿಂತ ಒಳ್ಳೇ ಸಾಕ್ಷಿ ಇಲ್ಲ), ಸಿಮೆಂಟ್ ಕಬ್ಬಿಣದ ಇನ್‌ವಾಯ್ಸು, ಸರಕು ಸಾಗಾಟದ ಇ-ವೇ ಬಿಲ್ಲು, ಡೀಸೆಲ್ ಚೀಟಿ, ಮೇಸ್ತ್ರಿ ಹಾಜರಿ ಪುಸ್ತಕ. ಮಳೆಗೆ ಕೆಎಸ್‌ಎನ್‌ಡಿಎಂಸಿ (ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ) ಗೇಜ್ ಲೆಕ್ಕ ತಗೊಳ್ಳಿ, ಜೊತೆಗೆ ಸೈಟ್ ಪಕ್ಕದ ತೋಟದ ಡೈರಿ ಜೆರಾಕ್ಸ್. ಮಳೆಗಾಲದಲ್ಲಿ ಭಾರಿ ವಾಹನ ನಿಲ್ಲಿಸಿ ಡಿಸಿ ಆದೇಶ ಆಗಿದ್ರೆ ಅದರ ಕಾಪಿ. ವಾಟ್ಸಾಪ್ ಫೋಟೋ ಇದ್ರೆ ಆ ಫೋನನ್ನ ಮಾರಬೇಡಿ, ಫಾರ್ಮ್ಯಾಟ್ ಮಾಡಬೇಡಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಇಂಥ ಎಲೆಕ್ಟ್ರಾನಿಕ್ ದಾಖಲೆ ಜೊತೆ ಸರ್ಟಿಫಿಕೇಟ್ ಕೊಡಬೇಕಾಗುತ್ತೆ, ವಕೀಲರು ನೋಡ್ಕೋತಾರೆ.

ಎಲ್ಲಕ್ಕಿಂತ ಮೊದಲು ಹಿಂಡ್ರೆನ್ಸ್ ರಿಜಿಸ್ಟರ್ (ಕೆಲಸಕ್ಕೆ ಬಂದ ಅಡ್ಡಿ ಬರೆಯೋ ಪುಸ್ತಕ) ಇದೆಯಾ ನೋಡಿ. ಕಂಬದ ಎಂಟ್ರಿ ಅದರಲ್ಲಿದ್ದು ಎರಡೂ ಕಡೆ ಸೈನ್ ಇದ್ರೆ ಅರ್ಧ ಗೆದ್ದ ಹಾಗೆ.

ನನ್ನ ಸ್ವಂತ ಕಥೆ ಒಂದು ಹೇಳ್ತೀನಿ, ಮರ್ಯಾದೆ ಹೋದ್ರೂ ಪರವಾಗಿಲ್ಲ. ತುಂಬಾ ವರ್ಷದ ಹಿಂದೆ ಒಂದು ಮೋರಿ ಕೆಲಸ, ಡ್ರಾಯಿಂಗ್ ಬರೋದು ಲೇಟಾಗಿ ಜೆಸಿಬಿ ಎರಡು ತಿಂಗಳು ಸುಮ್ಮನೆ ನಿಂತಿತ್ತು ಅಂತ ಐಡಲ್ ಚಾರ್ಜ್ (ನಿಂತ ದಿನದ ಬಾಡಿಗೆ) ಕೇಳಿದ್ದೆ. ಹಿಯರಿಂಗಲ್ಲಿ ಎದುರುಗಡೆಯವರು ನನ್ನದೇ ಡೀಸೆಲ್ ಪುಸ್ತಕ ತೆಗೆದು ಒಂದು ಪುಟ ತೋರಿಸಿ, ಈ ಹದಿಮೂರನೇ ತಾರೀಖು 90 ಲೀಟರ್ ಎಲ್ಲಿಗೆ ಹಾಕಿದ್ರಿ ಅಂದ್ರು. ಆ ದಿನ ಗಾಡಿ ನನ್ನ ಭಾವನ ತೋಟದಲ್ಲಿ ಕೆರೆ ಅಗೀತಿತ್ತು! ನಾಲ್ಕೇ ನಾಲ್ಕು ದಿನ ಹೋಗಿದ್ದು, ಆದ್ರೆ ಯಾವ ನಾಲ್ಕು ದಿನ ಅಂತ ನಾನು ಎಲ್ಲೂ ಬರೆದಿರಲಿಲ್ಲ, ಉಳಿದಷ್ಟೂ ದಿನ ನಿಜವಾಗ್ಲೂ ನಿಂತಿತ್ತು ಅಂತ ತೋರಿಸೋಕೆ ಏನೂ ಇರಲಿಲ್ಲ, ಪೂರ್ತಿ ಐಟಂ ಹೊಡೆದುಹಾಕಿದ್ರು. ಮನೆಗೆ ಬಂದು ಭಾವನ ಮೇಲೆ ರೇಗಾಡಿದ್ದು ಬೇರೆ, ಅವನದ್ದೇನು ತಪ್ಪು ಪಾಪ.

ಅವತ್ತಿಂದ ನಾನು ಮಾಡೋದು ಇಷ್ಟೇ, ಪ್ರೈಮವೇರಾ ಗೀಮವೇರಾ ಅನ್ನೋ ದೊಡ್ಡ ಸಾಫ್ಟ್‌ವೇರ್ ಏನೂ ಬೇಡ, ನಮ್ಮ ಸೈಜಿನ ಕೆಲಸಕ್ಕೆ ಎಕ್ಸೆಲ್ ಸಾಕು. ಮೊದಲು ಅಪ್ರೂವ್ ಆದ ಶೆಡ್ಯೂಲೇ ಬೇಸ್‌ಲೈನ್, ಹೋಲಿಸೋಕೆ ಇಟ್ಟ ಮೂಲ ಪ್ರತಿ, ಅದನ್ನ ಸಾಯೋ ತನಕ ಮುಟ್ಟಲ್ಲ. ಪ್ರತಿ ತಿಂಗಳ ಕೊನೇ ದಿನ ಅದರ ಕಾಪಿ ತೆಗೆದು, ಡೇಟಾ ಡೇಟ್ (ಯಾವ ದಿನದ ತನಕದ ಲೆಕ್ಕ ಅಂತ) ಹಾಕಿ, ಯಾವ ಕೆಲಸ ನಿಜವಾಗಿ ಯಾವತ್ತು ಶುರುವಾಯ್ತು, ಯಾವತ್ತು ಮುಗೀತು, ನಡೀತಿರೋದಕ್ಕೆ ಇನ್ನೆಷ್ಟು ದಿನ ಬೇಕು ಅಂತ ಬರೀತೀನಿ. ಪರ್ಸೆಂಟ್ ನಂಬಬೇಡಿ, "90 ಪರ್ಸೆಂಟ್ ಆಯ್ತು ಸಾರ್" ಅಂತ ಮೇಸ್ತ್ರಿ ಮೂರು ತಿಂಗಳಿಂದ ಅದನ್ನೇ ಹೇಳ್ತಿರ್ತಾನೆ, ಇನ್ನೆಷ್ಟು ದಿನ ಅಂತ ಕೇಳಿದ್ರೆ ತಲೆ ಕೆರ್ಕೊಂಡು ನಿಜ ಹೇಳ್ತಾನೆ. ಆಮೇಲೆ ಕೊನೇ ತಾರೀಖು ಹೋದ ತಿಂಗಳಿಗಿಂತ ಎಷ್ಟು ಜಾರಿತು, ಯಾಕೆ ಜಾರಿತು ಅಂತ ನಾಲ್ಕು ಸಾಲು, ನನ್ನ ತಪ್ಪಿದ್ರೆ ನನ್ನದು ಅಂತಾನೇ. ಮರುದಿನ ಕವರಿಂಗ್ ಲೆಟರ್ ಜೊತೆ ಆಫೀಸಲ್ಲಿ ಕೊಟ್ಟು ಸೀಲ್ ಹಾಕಿಸ್ಕೋತೀನಿ, ತಗೊಳ್ಳಲ್ಲ ಅಂದ್ರೆ ಸ್ಪೀಡ್ ಪೋಸ್ಟು ಮತ್ತೆ ಇಮೇಲು. ಎರಡು ತಿಂಗಳ ಚಾರ್ಟ್ ಪಕ್ಕಪಕ್ಕ ಇಟ್ಟು ಕಳೆದ್ರೆ ಕ್ಲೇಮ್ ತಾನೇ ಬರುತ್ತೆ.

ಫ್ಲೋಟ್ ಮರೀಬೇಡಿ, ಅಂದ್ರೆ ಕೊನೇ ತಾರೀಖು ಜಾರದೆ ಒಂದು ಕೆಲಸ ಎಷ್ಟು ದಿನ ತಡವಾಗಬಹುದು ಅನ್ನೋ ಸಡಿಲ. ಚರಂಡಿ ಕೆಲಸ 20 ದಿನ ತಡವಾಯ್ತು ಆದ್ರೆ ಅದಕ್ಕೆ 30 ದಿನ ಸಡಿಲ ಇತ್ತು ಅಂದ್ರೆ ಅವರಿಂದಾನೇ ತಡವಾಗಿದ್ರೂ ಒಂದು ದಿನಾನೂ ಸಿಗಲ್ಲ. ಹಾಗೇ ಅವರ ಡ್ರಾಯಿಂಗೂ ಲೇಟು, ಅದೇ ಟೈಮಲ್ಲಿ ನಿಮ್ಮ ಕಬ್ಬಿಣಾನೂ ಬಂದಿಲ್ಲ ಅಂದ್ರೆ, ಇಂಗ್ಲೆಂಡಿನ ಎಸ್‌ಸಿಎಲ್ (ಸೊಸೈಟಿ ಆಫ್ ಕನ್‌ಸ್ಟ್ರಕ್ಷನ್ ಲಾ) ಪ್ರೋಟೋಕಾಲ್ ಅಂತ ಒಂದಿದೆ, 2017ರ ಎರಡನೇ ಆವೃತ್ತಿ, ಅದು ಸಮಯ ಕೊಡಿ ಅನ್ನುತ್ತೆ, ದುಡ್ಡು ಮಾತ್ರ ಅವರಿಂದ ಆದ ಹೆಚ್ಚಿನ ಖರ್ಚನ್ನ ನಿಮ್ಮ ತಪ್ಪಿನ ಖರ್ಚಿಂದ ಬಿಡಿಸಿ ತೋರಿಸಿದ್ರೆ ಅಷ್ಟೇ. ನಮ್ಮ ಟೆಂಡರಿಗೆ ಅದು ಕಾನೂನಲ್ಲ, ಆದ್ರೆ ಯೋಚನೆ ಮಾಡೋ ರೀತಿ ಉಪಯೋಗಕ್ಕೆ ಬರುತ್ತೆ.

ನೋಟಿಸ್ ಅವಧಿ ನಿಮ್ಮ ಅಗ್ರಿಮೆಂಟಲ್ಲೇ ಓದಿ, ಇನ್ನೊಬ್ಬರ ಮಾತು ಕೇಳಬೇಡಿ. ಫಿಡಿಕ್ ಅನ್ನೋ ಅಂತಾರಾಷ್ಟ್ರೀಯ ಮಾದರಿ ಕಾಂಟ್ರಾಕ್ಟ್ ಆದ್ರೆ ಸಾಮಾನ್ಯವಾಗಿ 28 ದಿನದೊಳಗೆ ನೋಟಿಸ್ ಕೊಡಬೇಕು. ನಮ್ಮ ಕೆಡಬ್ಲ್ಯು-4 (ಕರ್ನಾಟಕದ ಸರ್ಕಾರಿ ಟೆಂಡರ್ ನಮೂನೆ) ತರದ ಟೆಂಡರಲ್ಲಿ ಪ್ರೋಗ್ರಾಂ, ಅಂದ್ರೆ ಶೆಡ್ಯೂಲ್, ಕೊಡೋದು, ಅದನ್ನ ಅಪ್‌ಡೇಟ್ ಮಾಡೋದು ಕಂಟ್ರಾಕ್ಟರ್ ಕರ್ತವ್ಯ ಅಂತಾನೇ ಬರೆದಿರುತ್ತೆ, ನಾವು ಬಿಒಕ್ಯು (ಕೆಲಸದ ಪ್ರಮಾಣ, ರೇಟಿನ ಪಟ್ಟಿ) ಪುಟ ಬಿಟ್ಟು ಬೇರೆ ತೆರೆಯಲ್ಲ ಅಷ್ಟೇ.

ಕೊನೇದು, ಇದು ಅರ್ಜೆಂಟ್. ಇಒಟಿ ಅರ್ಜಿ ಜೊತೆ "ಯಾವುದೇ ಹೆಚ್ಚುವರಿ ಪರಿಹಾರ ಕೇಳುವುದಿಲ್ಲ" ಅಂತ ಮುಚ್ಚಳಿಕೆ ಬರೆಸ್ಕೊಳ್ಳೋ ಅಭ್ಯಾಸ ಸುಮಾರು ಕಡೆ ಇದೆ. ಕ್ಲರ್ಕ್ ಟೈಪ್ ಮಾಡಿಟ್ಟಿರ್ತಾನೆ, ಕಾಫಿ ಕುಡೀತಾ ಸೈನ್ ಹಾಕಿಬಿಡ್ತೀವಿ. ಹಾಕಿಲ್ಲ ಅಂದ್ರೆ ಹಾಕಬೇಡಿ, ಹಾಕಲೇಬೇಕಾದ್ರೆ ನನ್ನ ಹಕ್ಕು ಕಾಯ್ದಿರಿಸಿ ಸಹಿ ಮಾಡ್ತಿದ್ದೀನಿ ಅಂತ ಕೈಯಲ್ಲೇ ಬರೆದು ಫೋಟೋ ಇಟ್ಕೊಳ್ಳಿ. ಈಗಾಗಲೇ ಹಾಕಿದ್ರೆ ಮೊದಲು ವಕೀಲರ ಹತ್ರ ಹೋಗಿ.

ಮೇ 1ಕ್ಕೆ ಅಗೆಯೋದು ಬೇಡ ಅಂತ ಎಇ ಹೇಳಿದ್ದಕ್ಕೆ ಒಂದು ಮೆಸೇಜಾದ್ರೂ ಇದೆಯಾ ಹುಡುಕಿ, 74 ದಿನ 105 ಆಗೋದು ಅದರ ಮೇಲೇ ನಿಂತಿದೆ. ಗುರುವಾರ ನಾನು ಕುಶಾಲನಗರದಲ್ಲಿ ಇರ್ತೀನಿ, ಕ್ಯೂಬ್ ರಿಪೋರ್ಟು ಡೀಸೆಲ್ ಚೀಟಿ ಎಲ್ಲಾ ಒಂದು ಚೀಲಕ್ಕೆ ಹಾಕ್ಕೊಂಡು ಬನ್ನಿ, ಕೂತು ಜೋಡಿಸೋಣ. ಬರುವಾಗ ಮೇಸ್ತ್ರಿನೂ ಕರ್ಕೊಂಡು ಬನ್ನಿ, ಅವನ ಅಕ್ಷರ ಅವನಿಗೇ ಓದೋಕೆ ಬರೋದು.